ಮ್ಯೂಸಿಯಂ ಆದ ಮೇಲೂ ಹಂಚು ಕೈಯಾಡಿಸಬೇಕು

ಕುವೆಂಪು ಬೆಳೆದ ಕುಪ್ಪಳಿಯ ಕವಿಮನೆ ನೋಡಿ ಬಂದವರು ನನ್ನನ್ನು ಕೇಳುವುದು ಹೆಚ್ಚಾಗಿ ಒಂದೇ ಪ್ರಶ್ನೆ: "ನಮ್ಮೂರ ಸಾಹಿತಿಯ ಮನೆಯನ್ನೂ ಹೀಗೇ ಉಳಿಸಬಹುದಲ್ವಾ ಸರ್? ಎಷ್ಟು ಖರ್ಚಾಗುತ್ತೆ?" ಹಳೆಯ ಮನೆಗಳ ಸಂರಕ್ಷಣೆಯೇ ನನ್ನ ಕಸುಬು, ಹಾಗಾಗಿ ನಾನು ರಿಪೇರಿಯ ಲೆಕ್ಕ ಕೊಡುತ್ತೇನೆ ಅಂತ ಅವರು ಕಾಯುತ್ತಾರೆ. ನಾನು ತಿರುಗಿ ಕೇಳುವುದು ಬೇರೆ. ಉದ್ಘಾಟನೆಯಾದ ಮಾರನೇ ವರ್ಷ ಮನೆ ನೋಡಿಕೊಳ್ಳುವವರು ಯಾರು? ಐದನೇ ವರ್ಷ? ಅದಕ್ಕೆ ದುಡ್ಡು ಎಲ್ಲಿಂದ ಬರುತ್ತದೆ?

ಕುವೆಂಪು ಹುಟ್ಟಿದ್ದು 1904ರ ಡಿಸೆಂಬರ್ 29ರಂದು, ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತವರಿನಲ್ಲಿ. ಬಾಲ್ಯ ಕಳೆದದ್ದು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಈ ಮನೆಯಲ್ಲಿ. ಮೂರು ಅಂತಸ್ತು, ನಡುವೆ ಅಂಗಳ, ಮರದ ಕಂಬಗಳು, ಹಂಚಿನ ಮಾಡು, ಹಿಂದೆಯೇ ಕಾಡುಗುಡ್ಡ. 1992ರಲ್ಲಿ ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನ ಶುರುವಾಯಿತು, ಮುಂದೆ ಮನೆ ಮ್ಯೂಸಿಯಂ ಆಯಿತು. ಇದೇ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುತ್ತದೆ. ಇಂಥ ಸೀಮೆಯಲ್ಲಿ ಮರ ಮತ್ತು ಮಣ್ಣಿನ ಮನೆಗಳು ನೂರಾರು ವರ್ಷ ನಿಂತದ್ದು ಹೇಗೆ? ಗಟ್ಟಿ ಮರ ಹಾಕಿದ್ದರು, ನಿಜ. ಅದಕ್ಕಿಂತ ಮುಖ್ಯ ಕಾರಣ, ಅಲ್ಲಿ ಜನ ಇದ್ದರು.

ಮಲೆನಾಡಿನ ಮನೆಯಲ್ಲಿ ಬೆಳಗಾದರೆ ಬಚ್ಚಲ ಒಲೆ ಉರಿಯುತ್ತದೆ, ಅಡುಗೆ ಒಲೆ ಉರಿಯುತ್ತದೆ. ಹೊಗೆ ಅಟ್ಟಕ್ಕೇರಿ ಹಂಚಿನ ಸಂದಿಯಲ್ಲಿ ಹೊರಗೆ ಹೋಗುತ್ತದೆ. ತೊಲೆ, ಪಕಾಸಿ (ಮಾಡಿನ ಇಳಿಜಾರಿನ ಮರಗಳು), ರೀಪು (ಹಂಚು ಕೂರುವ ಪಟ್ಟಿಗಳು) ಎಲ್ಲ ಒಣಗಿರುತ್ತವೆ. ಮಸಿ ಹಿಡಿದ ಮರಕ್ಕೆ ಹುಳು ಬರುವುದು ಕಡಿಮೆ. ಬೇಸಿಗೆ ಮುಗಿಯುವ ಮೊದಲು ಮಾಡು ಹತ್ತಿ, ಹಂಚು ತೆಗೆದು, ದರಗು (ಉದುರಿದ ಒಣ ಎಲೆ) ಗುಡಿಸಿ, ಒಡೆದದ್ದನ್ನು ಬದಲಿಸಿ ಮತ್ತೆ ಜೋಡಿಸುತ್ತಾರೆ. ಇದಕ್ಕೇ ಹಂಚು ಕೈಯಾಡಿಸುವುದು ಅನ್ನುವುದು. ಮನೆ ಮ್ಯೂಸಿಯಂ ಆದ ದಿನ ಒಲೆ ಆರುತ್ತದೆ. ಸಂಜೆ ಬಾಗಿಲು ಹಾಕಿದರೆ ಒಳಗೆ ಗಾಳಿಯೂ ಆಡುವುದಿಲ್ಲ.

ಹಳೆಯ ಮನೆಯೊಂದರ ಪರೀಕ್ಷೆಗೆ ಹೋದರೆ ನಾನು ಮೊದಲು ನೋಡುವುದು ತೊಲೆಯ ತುದಿ ಗೋಡೆಯೊಳಗೆ ಹೋಗುವ ಜಾಗವನ್ನು. ಮಾಡಿನಲ್ಲಿ ಒಂದು ಹಂಚು ಸೀಳಿದರೆ ನೀರು ನೇರ ನೆಲಕ್ಕೆ ಬೀಳುವುದಿಲ್ಲ. ಪಕಾಸಿ ಹಿಡಿದು ಇಳಿದು, ಗೋಡೆಯ ತಲೆಯಲ್ಲಿ ನಿಲ್ಲುತ್ತದೆ. ತೊಲೆ ಹೊರಗಿನಿಂದ ಕಪ್ಪಗೆ, ಗಟ್ಟಿಮುಟ್ಟಾಗಿಯೇ ಕಾಣುತ್ತದೆ. ಬೆರಳಿನಿಂದ ತಟ್ಟಿದರೆ ಮಾತ್ರ ಟೊಳ್ಳು ಸದ್ದು. ಸ್ಕ್ರೂಡ್ರೈವರ್ ಒತ್ತಿದರೆ ಹಣ್ಣಾದ ಹಲಸಿಗೆ ಇಳಿದ ಹಾಗೆ ಇಳಿಯುತ್ತದೆ. ಹೊರಬಂದ ಪುಡಿ ಒದ್ದೆಯಾಗಿದ್ದರೆ ಸೋರಿಕೆ ಇನ್ನೂ ನಡೆಯುತ್ತಿದೆ ಎಂದೇ ಅರ್ಥ. ಆ ಒಂದು ಹಂಚನ್ನು ಹೊತ್ತಿಗೆ ಸರಿಯಾಗಿ ಬದಲಿಸಿದ್ದರೆ ತೊಲೆ ಉಳಿಯುತ್ತಿತ್ತು. ಈಗ ಕೊಳೆತ ತುದಿ ಕತ್ತರಿಸಿ, ಅದೇ ಜಾತಿಯ ಒಣಮರದ ತುಂಡು ಬೆಸೆಯಬೇಕು. ಇಡೀ ತೊಲೆ ಬದಲಿಸುವುದು ಕೊನೆಯ ದಾರಿ. ಹೊಸ ತುಂಡಿನ ಒಂದು ಮಗ್ಗುಲಲ್ಲಿ ನಾವು ಇಸವಿ ಕೆತ್ತುತ್ತೇವೆ. ಯಾವುದು ಹಳತು, ಯಾವುದು ನಮ್ಮದು ಅಂತ ಮುಂದೆ ಬರುವವರಿಗೆ ಗೊತ್ತಾಗಲೇಬೇಕು. ಹಳೆಯ ಕಟ್ಟಡಗಳ ಸಂರಕ್ಷಣೆಗೆಂದು ಹಲವು ದೇಶಗಳ ತಜ್ಞರು ಸೇರಿ ಮಾಡಿದ 1964ರ ವೆನಿಸ್ ಸನ್ನದು ಹೇಳುವುದೂ ಇದನ್ನೇ: ಹೊಸ ಭಾಗ ಹಳೆಯದರ ಜೊತೆ ಹೊಂದಿಕೊಳ್ಳಬೇಕು, ಆದರೆ ಹಳೆಯದರಂತೆ ನಟಿಸಬಾರದು.

ರಿಪೇರಿ ಹೆಸರಿನಲ್ಲಿ ಆಗುವ ದೊಡ್ಡ ಅನಾಹುತ ಸಿಮೆಂಟಿನದು. ಮಣ್ಣಿನ ಗೋಡೆ ನೆಲದ ತೇವ ಎಳೆದುಕೊಳ್ಳುತ್ತದೆ, ಬಿಸಿಲಿಗೆ ಬಿಡುತ್ತದೆ. ಸುಣ್ಣದ ಗಾರೆ ಇದಕ್ಕೆ ಅಡ್ಡಿ ಮಾಡುವುದಿಲ್ಲ. ಸಿಮೆಂಟ್ ಮೆತ್ತಿದರೆ ತೇವ ಒಳಗೇ ಸಿಕ್ಕಿಕೊಳ್ಳುತ್ತದೆ. ನಾನು ನೋಡಿದ ಒಂದು ಮನೆಯಲ್ಲಿ "ಗಟ್ಟಿಯಾಗಲಿ" ಅಂತ ಸುತ್ತಲೂ ಸೊಂಟದೆತ್ತರ ಸಿಮೆಂಟ್ ಹಚ್ಚಿದ್ದರು. ಅದರ ಮೇಲುಗಡೆ ಮಣ್ಣು ಉಬ್ಬಿ, ಪುಡಿಯಾಗಿ ಉದುರುತ್ತಿತ್ತು. ಮೇಲಿಂದ ಎನಾಮಲ್ ಪೇಂಟ್ ಬೇರೆ!

ಒಳಗೆ ಇಡುವ ವಸ್ತುಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಹಲವರಿಗೆ ಹಿಡಿಸುವುದಿಲ್ಲ. ಹಸ್ತಪ್ರತಿ, ಪತ್ರ, ಬಟ್ಟೆ, ಪದಕ, ಇವುಗಳ ಅಸಲನ್ನು ಇಂಥ ಮನೆಯಲ್ಲಿ ಇಡಬಾರದು. ಗಾಳಿಯ ತೇವಾಂಶ ಶೇಕಡಾ 65–70 ದಾಟಿ ಹಾಗೇ ನಿಂತರೆ ಕಾಗದಕ್ಕೆ ಬೂಷ್ಟು ಬರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ತಿಂಗಳುಗಟ್ಟಲೆ ಅದಕ್ಕಿಂತ ಜಾಸ್ತಿಯೇ ಇರುತ್ತದೆ. ಎಸಿ ಹಾಕೋಣ ಅಂದರೆ ಹಂಚಿನ ಮನೆ ಪೂರ್ತಿ ಸಂದಿ. ಸಂದಿ ಮುಚ್ಚಿದರೆ ಮರ ಬೆವರುತ್ತದೆ. ಕಳ್ಳರ ಭಯವೂ ಸುಮ್ನೆ ಹೇಳುವ ಮಾತಲ್ಲ. 2015ರ ನವೆಂಬರಿನಲ್ಲಿ ಕವಿಮನೆಗೇ ಕಳ್ಳರು ನುಗ್ಗಿ ಪದ್ಮ ಪ್ರಶಸ್ತಿಯ ಪದಕಗಳನ್ನು ಕದ್ದರು. ನಾಡಿಗೆ ನಾಡೇ ನೊಂದುಕೊಂಡಿತು. ಅಸಲನ್ನು ಹತ್ತಿರದ ಒಣ ಕಟ್ಟಡದಲ್ಲಿ ಭದ್ರವಾಗಿಟ್ಟು, ಮನೆಯಲ್ಲಿ ಒಳ್ಳೆಯ ಪ್ರತಿ ಇಟ್ಟು, "ಇದು ಪ್ರತಿ" ಎಂದು ಬರೆದರೆ ಸಾಕು. ಹಂಡೆ, ಒರಳು, ನೇಗಿಲು, ಬೆತ್ತದ ಬುಟ್ಟಿ ಮನೆಯಲ್ಲೇ ಇರಲಿ. ಅವು ಆ ಗಾಳಿಗೆ ಒಗ್ಗಿದವು.

ಕಾದಂಬರಿಕಾರರ ಮನೆಗೆ ಇನ್ನೊಂದು ಕಷ್ಟವಿದೆ. ಬರುವ ಓದುಗರು 'ಕಾನೂರು ಹೆಗ್ಗಡಿತಿ' ಮತ್ತು 'ಮಲೆಗಳಲ್ಲಿ ಮದುಮಗಳು' ಮನಸ್ಸಿನಲ್ಲಿಟ್ಟುಕೊಂಡೇ ಬರುತ್ತಾರೆ. ಆ ಜಗಲಿ ಇದೇನಾ, ಆ ಅಟ್ಟ ಇದೇನಾ ಅಂತ ಹುಡುಕುತ್ತಾರೆ. ಎಂಥ ಚೆಂದದ ಹುಡುಕಾಟ! ಆದರೂ ಪಾತ್ರಗಳ ಹೆಸರಿನ ಫಲಕ ಕೋಣೆಗಳಿಗೆ ಬೀಳಬಾರದು. ಕಾದಂಬರಿಯ ಮನೆ ಹತ್ತಾರು ಮನೆಗಳಿಂದ, ಅದಕ್ಕಿಂತ ಜಾಸ್ತಿ ಕಲ್ಪನೆಯಿಂದ ಕಟ್ಟಿದ್ದು. ಫಲಕಕ್ಕೆ ಆಧಾರ ಬೇಕಾದರೆ ಆತ್ಮಕಥೆ ಇದೆ, ಹಳೆಯ ಫೋಟೋಗಳಿವೆ, ಮನೆಯವರ ನೆನಪಿದೆ. ನನ್ನ ಕೇಳಿದರೆ, ಓದುಗ ನಿಜವಾಗಿ ಹುಡುಕುತ್ತಿರುವುದು ಮನೆಯ ಹಿಂದಿನ ಗುಡ್ಡದಲ್ಲಿದೆ. ಕವಿಶೈಲದ ಬಂಡೆಯ ಮೇಲೆ ಕೂತರೆ ಕಾಣುವ ಕಾಡಿನ ಸಾಲು ಹಾಗೇ ಇರದಿದ್ದರೆ, ಮನೆಯ ಒಂದು ಮೊಳೆ ಕದಲದಂತೆ ಕಾಪಾಡಿಯೂ ಅರ್ಧ ಕಳೆದುಕೊಂಡಂತೆ. ಪಾರ್ಕಿಂಗ್, ಹೋಟೆಲು, ಅಗಲ ರಸ್ತೆಗಳ ನಕ್ಷೆ ಬಂದಾಗ ಮೊದಲು ಗುಡ್ಡದ ಮೇಲೆ ನಿಂತು ನೋಡಬೇಕು.

ಮೈಸೂರಿನ ಯಾದವಗಿರಿಯಲ್ಲಿ ಆರ್.ಕೆ. ನಾರಾಯಣ್ ಕಟ್ಟಿಸಿದ ಮನೆ 2011ರಲ್ಲಿ ನೆಲಸಮವಾಗುವುದರಲ್ಲಿತ್ತು. ಜನ ದನಿ ಎತ್ತಿದ್ದರಿಂದ ನಿಂತಿತು, 2016ರಲ್ಲಿ ಮ್ಯೂಸಿಯಂ ಆಗಿ ತೆರೆಯಿತು. ಅದು ಬಾಲ್ಯದ ಮನೆಯಲ್ಲ, ಅಲ್ಲಿನ ಗೋಡೆ, ಹವೆ ಎಲ್ಲ ಬೇರೆ. ಆದರೆ ಇಂಥ ಗಲಾಟೆಯಲ್ಲಿ ಬರುವ ಹುಮ್ಮಸ್ಸು, ಅನುದಾನ ಯಾವ ಮನೆಗಾದರೂ ಒಂದು ಸಲ ಮಾತ್ರ ಸಿಗುತ್ತದೆ. ರಿಪೇರಿಗೆ ದಾನಿಗಳು ಮುಂದೆ ಬರುತ್ತಾರೆ, ದರಗು ಗುಡಿಸುವುದಕ್ಕೆ ಯಾರೂ ಬರುವುದಿಲ್ಲ.

ಅದಕ್ಕೇ ಟ್ರಸ್ಟ್ ಮಾಡುವವರಿಗೆ ನಾನು ಹೇಳುವುದು, ಬಂದ ಹಣದಲ್ಲಿ ಒಂದು ಪಾಲನ್ನು ಮುಟ್ಟದೆ ಠೇವಣಿ ಇಡಿ, ಅದರ ಬಡ್ಡಿ ವರ್ಷದ ಆರೈಕೆಗೆ ಮಾತ್ರ. ಮನೆಗೊಂದು ಪುಸ್ತಕ ಇಡಿ. ಯಾವ ಹಂಚು, ಯಾವ ತೊಲೆ, ಯಾವ ದಿನ ಎಂದು ಬರೆಯುತ್ತಾ ಹೋಗಿ. ಜಪಾನಿನ ಕವಾಸಾಕಿಯಲ್ಲಿ ಹಳೆಯ ಮನೆಗಳ ಬಯಲು ಮ್ಯೂಸಿಯಂ ಇದೆ. ಅಲ್ಲಿ ಸ್ವಯಂಸೇವಕರು ಬಂದು ಒಲೆ ಹಚ್ಚಿ ಮಾಡಿಗೆ ಹೊಗೆ ಕೊಡುತ್ತಾರೆ. ನಮ್ಮ ಬಚ್ಚಲ ಒಲೆಗೂ ಇದಾಗಬಹುದು, ನೀರು ಮತ್ತು ಬೆಂಕಿ ಆರಿಸುವ ಸಾಧನ ಪಕ್ಕದಲ್ಲೇ ಇದ್ದು, ಒಬ್ಬರು ಅಲ್ಲಿಂದ ಕದಲದೆ ಕೂರುವುದಾದರೆ.

ಕೈಯಾಡಿಸುವ ಕೆಲಸ ಬಲ್ಲವರೂ ಕಡಿಮೆಯಾಗುತ್ತಿದ್ದಾರೆ. ಹಂಚಿನ ಮೇಲೆ ತಗಡು ಹೊದಿಸುವ ಮನೆಗಳು ಹೆಚ್ಚಿದ ಮೇಲೆ ಅವರಿಗೆ ಕೆಲಸವೇ ಇಲ್ಲ. ಊರಿನ ಹಿರಿಯ ಆಚಾರಿಯೊಬ್ಬರಿಗೆ ಇಬ್ಬರು ಹುಡುಗರನ್ನು ಜೊತೆ ಮಾಡಿ, ಮೂವರಿಗೂ ವರ್ಷವಿಡೀ ಸಂಬಳ ಕೊಡಿ. ಮಳೆಗಾಲದಲ್ಲಿ ಮಾಡು ಹತ್ತಲು ಆಗದಿದ್ದಾಗ ಅವರು ಟಾರ್ಚ್ ಹಿಡಿದು ಅಟ್ಟಕ್ಕೆ ಹೋಗಿ, ಎಲ್ಲಿ ಒದ್ದೆಯಾಗಿದೆ ಎಂದು ಸೀಮೆಸುಣ್ಣದಲ್ಲಿ ಗುರುತು ಮಾಡಲಿ.