ಮಳೆ ಬಿಟ್ಟ ಮೇಲೆ ಬರುವ ತೊಟ್ಟಿಲು

ಉತ್ತರ ಕನ್ನಡದಲ್ಲಿ ಜಾತ್ರೆಗಳ ಲೆಕ್ಕ ಹಿಡಿಯುವುದು ಮಳೆಯೇ. ಕಾರವಾರದ ಕಡೆ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ನಾಲ್ಕು ತಿಂಗಳು ಬಯಲಲ್ಲಿ ಗೂಟ ಹೊಡೆದು ಡೇರೆ ಎಬ್ಬಿಸುವ ಮಾತೇ ಇಲ್ಲ. ದೀಪಾವಳಿಯ ಹೊತ್ತಿಗೆ ಗದ್ದೆ ಒಣಗುತ್ತದೆ, ಯಕ್ಷಗಾನ ಮೇಳಗಳು ಗೆಜ್ಜೆ ಕಟ್ಟಿ ತಿರುಗಾಟಕ್ಕೆ ಹೊರಡುತ್ತವೆ. ಕಾರ್ತಿಕದಿಂದ ಊರೂರಲ್ಲಿ ಜಾತ್ರೆ. ಅದರ ಬೆನ್ನಿಗೇ ಬಳೆಯವರು, ಮಿಠಾಯಿಯವರು, ಜನರನ್ನು ಕೂರಿಸಿ ತಿರುಗಿಸುವ ತೊಟ್ಟಿಲಿನವರು. ಪುಷ್ಯ ಹುಣ್ಣಿಮೆಯಂದು ಕಾರವಾರದ ಬಳಿಯ ಕೂರ್ಮಗಡ ದ್ವೀಪದಲ್ಲಿ ನಡೆಯುವ ನರಸಿಂಹ ಜಾತ್ರೆಗೆ ಮಾತ್ರ ದೋಣಿಯಲ್ಲೇ ಹೋಗಬೇಕು. ಉಳಿದೆಡೆಯೆಲ್ಲ ಲಾರಿ ಬಂದರೆ ಸಾಕು, ರಾತ್ರಿ ಬೆಳಗಾಗುವುದರೊಳಗೆ ಬಯಲು ಪೇಟೆಯಾಗುತ್ತದೆ.

ತಿರುಗುವ ತೊಟ್ಟಿಲಿನ ಕಥೆ ನಾವು ಅಂದುಕೊಂಡದ್ದಕ್ಕಿಂತ ಹಳೆಯದು. 1615ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಇಸ್ತಾಂಬುಲ್‌ನ ರಂಜಾನ್ ಸಂಭ್ರಮದಲ್ಲಿ ಅಂಥದೊಂದು ದೊಡ್ಡ ಚಕ್ರ ಹತ್ತಿದ್ದ. ತನಗೆ ಖುಷಿಯೋ ಖುಷಿ, ಪಕ್ಕದಲ್ಲಿ ಕೂತ ಗ್ರೀಕನೊಬ್ಬ ಮಾತ್ರ ತಡೆಯಲಾರದೆ ‘ಸಾಕು, ಸಾಕು’ ಎಂದು ಕೂಗಿಕೊಂಡ ಎಂದು ಬರೆದಿದ್ದಾನೆ. ಅದೇ ಮನುಷ್ಯ 1623ರಲ್ಲಿ, ಮಳೆಗಾಲ ಮುಗಿದ ಮೇಲೆ, ಗೋವೆಯಿಂದ ಹೊನ್ನಾವರಕ್ಕೆ ಬಂದಿಳಿದು, ಗೇರುಸೊಪ್ಪೆಯ ಹೊಳೆಗುಂಟ ಘಟ್ಟ ಹತ್ತಿ ಇಕ್ಕೇರಿಗೆ ಹೋದ. ಅಲ್ಲಿಯ ಬೀದಿಗಳಲ್ಲಿ ಕೋಲಾಟ ನೋಡಿ ಮನಸಾರೆ ವರ್ಣಿಸಿದ. ನಮ್ಮ ನೆಲಕ್ಕೂ ಆ ಚಕ್ರಕ್ಕೂ ಹೀಗೊಂದು ನಂಟಿದೆಯೆಂಬುದು ನನಗಂತೂ ಬಹಳ ಇಷ್ಟದ ಸಂಗತಿ. ಉಕ್ಕಿನ ದೈತ್ಯ ಚಕ್ರ ಬಂದದ್ದು ಇದಾಗಿ ಎರಡೂವರೆ ಶತಮಾನಕ್ಕೂ ಆಚೆ, 1893ರಲ್ಲಿ. ಷಿಕಾಗೋದ ಪ್ರದರ್ಶನಕ್ಕೆಂದು ಜಾರ್ಜ್ ಫೆರಿಸ್ 264 ಅಡಿ ಎತ್ತರದ್ದನ್ನು ನಿಲ್ಲಿಸಿದ. ನಮ್ಮ ಜಾತ್ರೆಗಳಲ್ಲಿ ಮಾತ್ರ ಕೈಯಿಂದ ತಿರುಗಿಸುವ, ನಾಲ್ಕು ಪೆಟ್ಟಿಗೆಯ ಮರದ ತೊಟ್ಟಿಲು ಬಹುಕಾಲ ಬಾಳಿತು.

ಜಿಲ್ಲೆಯ ದೊಡ್ಡ ಜಾತ್ರೆ ಶಿರಸಿಯ ಮಾರಿಕಾಂಬೆಯದು. ಎರಡು ವರ್ಷಕ್ಕೊಮ್ಮೆ, ಚಳಿ ಇಳಿದ ಮೇಲೆ. ದೇವಸ್ಥಾನ 1688ರದ್ದು. ಏಳು ಅಡಿಯ ದೇವಿ ತೇರಿನಲ್ಲಿ ಬಿಡಕಿ ಬೈಲಿಗೆ ಬಂದು ಗದ್ದುಗೆ ಏರುತ್ತಾಳೆ. 1934ರಲ್ಲಿ ಗಾಂಧೀಜಿ ಶಿರಸಿಗೆ ಬಂದಾಗಿನ ಮಾತಿನಿಂದ ಕೋಣನ ಬಲಿ ನಿಂತಿತು. ಜಾತ್ರೆಗೆ ಬರುವ ಜನವೇನೂ ಅದರಿಂದ ಕಡಿಮೆಯಾಗಲಿಲ್ಲ. ನಾಟಕ ಕಂಪನಿಗಳು, ಡೇರೆ ಮೇಳಗಳು, ಸರ್ಕಸ್, ಮರಣಬಾವಿ ಎಲ್ಲ ದೇವಿಯ ಹಿಂದೆಯೇ ಬಂದು ಬೀಡುಬಿಟ್ಟವು.

ಅದರಲ್ಲಿ ಸರ್ಕಸ್ಸಿನ ಪಾಡು ಬೇರೆ. ವಿಷ್ಣುಪಂತ ಛತ್ರೆ 1880ರಲ್ಲಿ ಮುಂಬಯಿಯಲ್ಲಿ ದೇಶದ ಮೊದಲ ಸರ್ಕಸ್ ತೋರಿಸಿದ ಮೇಲೆ ಶತಮಾನಕಾಲ ಹುಲಿ, ಸಿಂಹಗಳೇ ಅದರ ಬಂಡವಾಳ. 1998ರ ಅಧಿಸೂಚನೆ ಹುಲಿ, ಸಿಂಹ, ಚಿರತೆ, ಕರಡಿ, ಕೋತಿಗಳನ್ನು ಆಡಿಸುವುದನ್ನು ನಿಷೇಧಿಸಿತು, 2001ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಪ್ರಾಣಿಗಳ ಪಾಲಿಗೆ ಅದು ನ್ಯಾಯವೇ. ಆದರೆ ಡೇರೆಯ ಕಲಾವಿದರಿಗೆ ಬೇರೆ ದಾರಿ ಯಾರೂ ತೋರಿಸಲಿಲ್ಲ.

ಈಗ ತಿರುಗಾಟದವರನ್ನು ಹಿಂಡುತ್ತಿರುವುದು ಜಾಗದ ಲೆಕ್ಕ. ಶಿರಸಿಯಲ್ಲಿ ಜಾತ್ರೆಪೇಟೆಯ ಪ್ಲಾಟುಗಳು ಹರಾಜಾಗುತ್ತವೆ. ಹೆಚ್ಚು ಕೂಗಿದವನಿಗೆ ಜಾಗ. ಆ ಹಣ, ಲಾರಿ ಬಾಡಿಗೆ, ಆಳಿನ ಕೂಲಿ ಎಲ್ಲ ಒಂಬತ್ತೇ ದಿನದ ಜಾತ್ರೆಯಲ್ಲಿ ಹುಟ್ಟಬೇಕು. ಟಿಕೆಟ್ ದರ ಏರುವುದು ಇದರಿಂದ. ಕೈತೊಟ್ಟಿಲಿನವನು ದೊಡ್ಡ ಯಂತ್ರದವನ ಎದುರು ಕೂಗಿ ಗೆಲ್ಲುವುದುಂಟೆ? ಇನ್ನು 2020ರಂಥ ವರ್ಷ ಬಂದರೆ ಕೇಳುವುದೇ ಬೇಡ. ಆ ಸಲ ಜಾತ್ರೆ ಮುಗಿದು ಎರಡು ವಾರವಾಗುವುದರೊಳಗೆ ದೇಶಕ್ಕೇ ಬೀಗ ಬಿತ್ತು. ಮುಂದಿನ ಊರುಗಳ ಜಾತ್ರೆ ನಂಬಿದ್ದವರ ಬೇಸಿಗೆಯ ದುಡಿಮೆ ಪೂರ್ತಿ ಹೋಯಿತು.

ಹರಾಜು ನಡೆಯಲಿ, ದೇವಸ್ಥಾನಕ್ಕೂ ಆದಾಯ ಬೇಕು. ಆದರೆ ಬಯಲಿನ ಒಂದು ಸಾಲನ್ನಾದರೂ ಹರಾಜಿನಿಂದ ಹೊರಗಿಟ್ಟು, ಕೈತೊಟ್ಟಿಲು, ಬೊಂಬೆ, ಬಳೆಯವರಿಗೆ ನಿಗದಿತ ಬಾಡಿಗೆಗೆ ಕೊಡಬೇಕು. ಅದನ್ನು ಪ್ಲಾಟಿನ ನಕ್ಷೆ ಬರೆಯುವಾಗಲೇ ಗುರುತು ಹಾಕಬೇಕು, ಕೂಗು ಶುರುವಾದ ಮೇಲಲ್ಲ.