ಎರಡೇ ಸ್ವರದ ಸೋಲೋ: ಪೀಟ್ ಶೆಲ್ಲಿಗೆ ಗಿಟಾರ್ ಬರುತ್ತಿರಲಿಲ್ಲವೇ?

ಪ್ರಶ್ನೆ: ಇಂಗ್ಲೆಂಡಿನ ಪಂಕ್ ರಾಕ್ ತಂಡ ಬಜ್‌ಕಾಕ್ಸ್‌ನ ‘ಬೋರ್‌ಡಮ್’ ಹಾಡಿನ ಗಿಟಾರ್ ಸೋಲೋದಲ್ಲಿ (ಗಿಟಾರ್ ಒಂದೇ ಮುಂದೆ ಬಂದು ನುಡಿಯುವ ಭಾಗ) ಎರಡೇ ಸ್ವರ ಇವೆ. ತಂಡದ ಗಿಟಾರ್ ವಾದಕ ಪೀಟ್ ಶೆಲ್ಲಿಗೆ ಅಷ್ಟೇ ಬರುತ್ತಿತ್ತೇ? ಹಾಗಾದರೆ ಅವರ ಹಾಡುಗಳನ್ನು ಹೊಸಬರೂ ಸುಲಭವಾಗಿ ನುಡಿಸಬಹುದೇ?

ಮೊದಲನೆಯದಕ್ಕೆ ಉತ್ತರ, ಅಲ್ಲ. ಎರಡನೆಯದಕ್ಕೆ, ನುಡಿಸಬಹುದು, ಸುಲಭ ಮಾತ್ರ ಅಲ್ಲ.

ಹಾಡಿನ ಹೆಸರೇ ‘ಬೇಸರ’. ಸೋಲೋದಲ್ಲಿ ಆ ಎರಡು ಸ್ವರ 66 ಸಲ ಮರುಕಳಿಸುತ್ತವೆ. ಹತ್ತಕ್ಕೇ ನಿಲ್ಲಿಸಿದ್ದರೆ ತಮಾಷೆ ಅನ್ನಿಸುತ್ತಿತ್ತು. ಮೂವತ್ತರ ಹೊತ್ತಿಗೆ ಕಿರಿಕಿರಿ, ಅದನ್ನೂ ದಾಟಿದ ಮೇಲೆ ಯಾವಾಗ ಮುಗಿದೀತೋ ಎಂದು ಕಿವಿ ಕಾಯತೊಡಗುತ್ತದೆ. ಕೈ ಬಾರದವರು ಇಷ್ಟು ಹೊತ್ತು ಲಯ ಬಿಡದೆ ಹಿಡಿಯಲಾರರು. ನುಡಿಸುವಾಗ ಎಲ್ಲರೂ ಎಡವುವುದು ಒಂದೇ ಕಡೆ: ನಡುವೆ ತಂತಿ ಎಳೆದು ಗಮಕ ಸೇರಿಸುತ್ತಾರೆ. ಸೇರಿಸಿದಿರೋ, ಹಾಡು ಕೆಟ್ಟಿತು.

ಈ ಹಾಡು ಬಂದದ್ದು ‘ಸ್ಪೈರಲ್ ಸ್ಕ್ರ್ಯಾಚ್’ ಎಂಬ ನಾಲ್ಕು ಹಾಡುಗಳ ರೆಕಾರ್ಡ್‌ನಲ್ಲಿ. 1976ರ ಡಿಸೆಂಬರ್ 28ರಂದು ಮ್ಯಾಂಚೆಸ್ಟರ್‌ನಲ್ಲಿ ನಿರ್ಮಾಪಕ ಮಾರ್ಟಿನ್ ಹ್ಯಾನೆಟ್ ಧ್ವನಿಮುದ್ರಿಸಿದರು. 500 ಪೌಂಡ್ ಸಾಲ, ಕೆಲವೇ ಗಂಟೆಗಳ ಸ್ಟುಡಿಯೊ, ಮೊದಲು ಒತ್ತಿಸಿದ್ದು 1,000 ಪ್ರತಿ. ಯಾವ ಹಾಡು ಎಷ್ಟನೇ ಟೇಕ್ ಎಂಬುದನ್ನೂ ಹೊದಿಕೆಯ ಮೇಲೆ ಅಚ್ಚು ಹಾಕಿಸಿದರು. ರೆಕಾರ್ಡ್ ಮಾಡುವುದು ದೊಡ್ಡ ಕಂಪನಿಗಳ ಗುಟ್ಟೇನಲ್ಲ ಎಂದು ತೋರಿಸಿಕೊಟ್ಟಂತೆ. ಸ್ವಲ್ಪ ದಿನಕ್ಕೇ ಗಾಯಕ ಹೋವರ್ಡ್ ಡಿವೋಟೊ ತಂಡ ಬಿಟ್ಟರು. ಹಾಡುವ ಹೊಣೆ ಶೆಲ್ಲಿಗೆ ಬಂತು, ಬೇಸ್ ನುಡಿಸುತ್ತಿದ್ದ ಸ್ಟೀವ್ ಡಿಗಲ್ ಗಿಟಾರ್‌ಗೆ ಬಂದರು.

ಶೆಲ್ಲಿಯ ನಿಜವಾದ ಕಸುಬು ಕಾಣುವುದು 1978ರ ‘ಎವರ್ ಫಾಲನ್ ಇನ್ ಲವ್’ನಲ್ಲಿ. ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 12ನೇ ಸ್ಥಾನಕ್ಕೇರಿದ ಹಾಡು. ಶ್ರುತಿ ಇ ಮೇಜರ್, ಆದರೆ ಚರಣವೂ ಪಲ್ಲವಿಯೂ ಶುರುವಾಗುವುದು ಸಿ ಶಾರ್ಪ್ ಮೈನರ್‌ನಿಂದ; ಕುಣಿಯುವ ವೇಗದಲ್ಲೂ ಒಳಗೊಂದು ಸಂಕಟ ಉಳಿಯುವುದು ಅದರಿಂದಲೇ. ಆಮೇಲೆ ಡಿ ಮೇಜರ್ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ನುಗ್ಗುತ್ತದೆ. ಇ ಮೇಜರ್ ಸ್ಕೇಲ್‌ನಲ್ಲಿ ಡಿ ಇಲ್ಲ, ಇರುವುದು ಡಿ ಶಾರ್ಪ್. ಕರ್ನಾಟಕ ಸಂಗೀತ ಕಲಿತವರಿಗೆ ಹೇಳುವುದಾದರೆ, ಶಂಕರಾಭರಣದ ನಡುವೆ ಕಾಕಲಿ ನಿಷಾದ ತೆಗೆದು ಕೈಶಿಕಿ ನಿಷಾದ ಇಟ್ಟ ಹಾಗೆ.

ಇವನ್ನೆಲ್ಲ ಐದನೇ ತಂತಿಯ ಬಾರೆ ಕಾರ್ಡ್‌ಗಳಾಗಿಯೇ (ಒಂದೇ ಬೆರಳನ್ನು ಹಲವು ತಂತಿಗಳ ಮೇಲೆ ಅಡ್ಡಲಾಗಿ ಒತ್ತಿ) ಹಿಡಿಯಬಹುದು: ಬಿ 2ನೇ ಫ್ರೆಟ್, ಸಿ ಶಾರ್ಪ್ ಮೈನರ್ 4, ಡಿ 5, ಇ 7. ಬಲಗೈ ಹೊಡೆತ ಆದಷ್ಟು ಕೆಳಮುಖವಾಗಿಯೇ ಇರಲಿ. ಅರ್ಧ ಹಾಡಿಗೇ ಕೈ ಸೋಲುತ್ತದೆಯೇ? ಮೊಣಕೈಯಿಂದ ಹೊಡೆಯುತ್ತಿದ್ದೀರಿ, ಮಣಿಕಟ್ಟು ಸಡಿಲಿಸಿ, ಪಿಕ್‌ನ ತುದಿ ಮಾತ್ರ ತಂತಿಗೆ ತಾಗಲಿ. ಮೆಟ್ರೊನೋಮ್ ಅನ್ನು ಮೂಲ ವೇಗದ ಅರ್ಧಕ್ಕಿಟ್ಟು ಆರಂಭಿಸಿ, ದಿನಕ್ಕೆ ಐದೈದು ಬೀಟ್ ಏರಿಸಿ. ಡಿಸ್ಟಾರ್ಷನ್ (ಗಿಟಾರ್ ಧ್ವನಿಯನ್ನು ಒರಟಾಗಿಸುವ ಪರಿಣಾಮ) ಹೆಚ್ಚಾದರೆ ಮೈನರ್ ಕಾರ್ಡಿನ ಮೂರನೇ ಸ್ವರ ಗದ್ದಲದಲ್ಲಿ ಮುಳುಗಿ, ಹಾಡಿನ ಜೀವವೇ ಹೋಗುತ್ತದೆ. ದುಬಾರಿ ಗಿಟಾರ್ ಬೇಕಿಲ್ಲ. ಶೆಲ್ಲಿ ಆರಂಭದಲ್ಲಿ ನುಡಿಸಿದ್ದು ಮೇಲ್ಭಾಗ ಮುರಿದುಹೋಗಿದ್ದ ಅಗ್ಗದ ಸ್ಟಾರ್‌ವೇ ಗಿಟಾರನ್ನೇ.

1981ರಲ್ಲಿ ತಂಡ ಮುರಿಯಿತು. ಅದೇ ವರ್ಷದ ‘ಹೋಮೊಸೇಪಿಯನ್’ನಲ್ಲಿ ನಿರ್ಮಾಪಕ ಮಾರ್ಟಿನ್ ರಷೆಂಟ್ ಜೊತೆ ಶೆಲ್ಲಿ ಸಿಂಥಸೈಜರ್ ಕಡೆ ಹೊರಳಿದರು, ಪುರುಷ ಪ್ರೇಮದ ಸೂಚನೆಯಿದೆಯೆಂದು ಬಿಬಿಸಿ ಹಾಡನ್ನು ಪ್ರಸಾರ ಮಾಡಲಿಲ್ಲ. 1983ರ ‘ಎಕ್ಸ್‌ಎಲ್1’ ಆಲ್ಬಮ್ಮಿನಲ್ಲಿ ಝಡ್‌ಎಕ್ಸ್ ಸ್ಪೆಕ್ಟ್ರಮ್ ಕಂಪ್ಯೂಟರಿಗೆಂದು ಪ್ರೋಗ್ರಾಮನ್ನೂ ಸೇರಿಸಿದ್ದರು. ಲೋಡ್ ಮಾಡಿಕೊಂಡರೆ ಹಾಡಿನ ಜೊತೆಜೊತೆಗೇ ಸಾಹಿತ್ಯ ಪರದೆಯ ಮೇಲೆ ಮೂಡುತ್ತಿತ್ತು. 1989ರಲ್ಲಿ ಬಜ್‌ಕಾಕ್ಸ್ ಮತ್ತೆ ಕೂಡಿತು. 2018ರ ಡಿಸೆಂಬರ್ 6ರಂದು ಎಸ್ಟೋನಿಯಾದಲ್ಲಿ ತೀರಿಕೊಳ್ಳುವವರೆಗೂ ಶೆಲ್ಲಿ ಆ ತಂಡದಲ್ಲೇ ಇದ್ದರು.