ಹೊಳೆಬದಿಯ ಕೊರಡು ಅಕ್ವೇರಿಯಂನಲ್ಲಿ ಮುಳುಗಬೇಕಾದರೆ: ಕಲಿಯುವವರಿಗೊಂದು ಟಿಪ್ಪಣಿ

ಮಣಿಪಾಲದ ಕೆಳಗೆ, ಸುವರ್ಣಾ ನದಿಯ ದಂಡೆಯಲ್ಲಿ ಸಿಕ್ಕಿದ ಬೇರಿನ ತುಂಡೊಂದನ್ನು ಮೀನಿನ ತೊಟ್ಟಿಗೆ ಸಿದ್ಧಪಡಿಸುವಾಗ ತಿಳಿದುಕೊಂಡದ್ದನ್ನು, ಮರೆಯುವ ಮೊದಲೇ ಬರೆದಿಡುತ್ತಿದ್ದೇನೆ.

ಆಯ್ಕೆಯ ವಿಷಯ ಸರಳ. ಉಗುರು ಒತ್ತಿದರೆ ತಗ್ಗಾಗುವ ಮರ ಕೊಳೆತದ್ದು, ಅದು ಬೇಡ. ಸೊನೆ ಸುರಿಸುವ ಗೇರು, ವಿಷದ ಮರಗಳಾದ ಕಾಸರಕ ಮತ್ತು ಕಣಗಿಲೆ, ಯಾವ ಮರವೆಂದೇ ಗುರುತು ಸಿಗದ ಕೊರಡು, ಇವೂ ಬೇಡ. ಮಲ್ಪೆ ಅಥವಾ ಪಣಂಬೂರಿನ ಕಡಲ ಬದಿಯಲ್ಲಿ ಬಿದ್ದಿರುವ ಕೊರಡುಗಳ ಒಳಗೆ ಉಪ್ಪು ಇಳಿದಿರುತ್ತದೆ. ಮರ ಕೊರೆಯುವ ಕಡಲ ಜೀವಿಗಳ ಬಿಲಗಳಲ್ಲಿ ಸುಣ್ಣದ ಚಿಪ್ಪೂ ಉಳಿದಿರುತ್ತದೆ. ತಿಂಗಳುಗಟ್ಟಲೆ ಸಿಹಿನೀರಿನಲ್ಲಿ ನೆನೆಸುವ ತಾಳ್ಮೆ ಇಲ್ಲದವರು ಹೊಳೆಯ ಮರವನ್ನೇ ಹುಡುಕುವುದು ಮೇಲು.

ನಾನು ಎಡವಿದ್ದು ಮುಂದಿನ ಹಂತದಲ್ಲಿ. ಮರವನ್ನು ಮೊದಲು ಚೆನ್ನಾಗಿ ಒಣಗಿಸಬೇಕು, ಆಮೇಲೆ ಚೆನ್ನಾಗಿ ನೆನೆಸಬೇಕು ಎಂದು ಎಲ್ಲರೂ ಹೇಳುತ್ತಾರೆ. ಕೊನೆಗೆ ನೆನೆಸುವುದೇ ಆದರೆ ಒಣಗಿಸುವುದೇಕೆ ಎಂಬ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ಎರಡೂ ಬೇರೆ ಬೇರೆ ಕೆಲಸಗಳು ಎಂಬುದು ಉತ್ತರ. ಹಸಿ ಮರದಲ್ಲಿ ಅದರದೇ ರಸವಿರುತ್ತದೆ. ಅದು ತೊಟ್ಟಿಯಲ್ಲಿ ಕೊಳೆಯತೊಡಗಿದರೆ ಮೀನುಗಳಿಗೆ ಬೇಕಾದ ಆಮ್ಲಜನಕವನ್ನು ಕಸಿಯುತ್ತದೆ. ಆದ್ದರಿಂದ ಫೆಬ್ರವರಿಯಿಂದ ಮೇ ವರೆಗಿನ ಬಿಸಿಲಿನಲ್ಲಿ ಒಣಗಿಸುವುದು ಆ ರಸದ ವಿಷಯ. ನೆನೆಸುವುದು ಮುಖ್ಯವಾಗಿ ತೂಕದ ವಿಷಯ.

ಈ ತೂಕದ ಲೆಕ್ಕವೇ ನನಗೆ ಅತ್ಯಂತ ಇಷ್ಟವಾದದ್ದು, ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ. ಮರದ ಜೀವಕೋಶಗಳ ಗೋಡೆ ನೀರಿಗಿಂತ ಸುಮಾರು ಒಂದೂವರೆ ಪಟ್ಟು ಸಾಂದ್ರವಾಗಿದೆ. ತೇಲಿಸುವುದು ಮರವಲ್ಲ, ಅದರ ಒಳಗಿನ ಗಾಳಿ. ನನ್ನ ಕೊರಡು ಒಣಗಿದಾಗ 780 ಗ್ರಾಂ ಇತ್ತು. ಅಂಚಿನವರೆಗೆ ನೀರು ತುಂಬಿದ ಬಕೆಟ್ಟನ್ನು ಅಗಲವಾದ ಬೇಸಿನ್ನಿನೊಳಗಿಟ್ಟು, ಕೊರಡನ್ನು ಕಡ್ಡಿಯಿಂದ ಪೂರ್ತಿ ಒಳಗೊತ್ತಿದಾಗ ಹೊರಚೆಲ್ಲಿದ ನೀರು 1,200 ಮಿಲಿಲೀಟರ್. ಅಷ್ಟು ನೀರಿನ ತೂಕ 1,200 ಗ್ರಾಂ. ಹಾಗಾದರೆ ಕೊರಡು 420 ಗ್ರಾಮಿಗಿಂತ ಹೆಚ್ಚು ನೀರು ಕುಡಿದ ದಿನವೇ ಮುಳುಗಬೇಕು. ಒಳಗೆ ಎಷ್ಟು ಜಾಗವಿದೆ? ಗೋಡೆಗಳು 780 ಅನ್ನು 1.5ರಿಂದ ಭಾಗಿಸಿದಷ್ಟು, ಅಂದರೆ 520 ಮಿಲಿಲೀಟರ್ ಜಾಗ ಹಿಡಿದರೆ, ಉಳಿದ 680 ಮಿಲಿಲೀಟರ್ ಗಾಳಿಯದು. ಹೀಗೆ ಗಾಳಿ ಪೂರ್ತಿ ಹೋಗುವ ಮೊದಲೇ ಮರ ಮುಳುಗುತ್ತದೆ. ಮೇಲ್ಮೈ ಒರೆಸಿ ಅಡುಗೆಮನೆಯ ತಕ್ಕಡಿಯಲ್ಲಿ ತೂಗುತ್ತಾ ಬಂದೆ: ನಾಲ್ಕನೆಯ ದಿನ 960 ಗ್ರಾಂ, ಮೂರನೆಯ ವಾರ 1,230 ಗ್ರಾಂ ಆದಾಗ ಅದು ತಳ ಸೇರಿತು. ನೆನೆದ ಮರ ತುಸು ಉಬ್ಬುವುದರಿಂದ ಲೆಕ್ಕಕ್ಕಿಂತ ಸ್ವಲ್ಪ ಹೆಚ್ಚು ಬೇಕಾಗುತ್ತದೆ.

ಕುದಿಸಿದರೆ ಕೆಲಸ ಬೇಗ ಆಗುತ್ತದೆ, ಆದರೆ ಕುದಿದ ಕೂಡಲೇ ಹೊರತೆಗೆಯಬಾರದು. ಬಿಸಿಯಲ್ಲಿ ಗಾಳಿ ಹಿಗ್ಗಿ ಹೊರಬರುತ್ತದೆ. ಅದೇ ನೀರಿನಲ್ಲಿ ತಣಿಯಲು ಬಿಟ್ಟರೆ ಮಾತ್ರ ಖಾಲಿಯಾದ ಜಾಗಕ್ಕೆ ನೀರು ಎಳೆದುಕೊಳ್ಳುತ್ತದೆ. ಬಚ್ಚಲಿನ ಒಲೆಯ ಮೇಲೆ ತಾಮ್ರದ ಹಂಡೆ ಇರುವ ಮನೆಗಳಲ್ಲಿ ಅದರಲ್ಲೇ ಕುದಿಸುವ ಆಸೆ ಸಹಜ, ಕೊರಡು ಹಿಡಿಸುವ ಪಾತ್ರೆ ಇನ್ನೊಂದು ಸುಲಭವಾಗಿ ಸಿಗುವುದಿಲ್ಲ. ಆದರೆ ಮರದಿಂದ ಇಳಿದು ನೀರಿಗೆ ಕಂದು ಬಣ್ಣ ಕೊಡುವ ಟ್ಯಾನಿನ್ ಎಂಬ ಒಗರು ಪದಾರ್ಥ ಆಮ್ಲೀಯವಾದ್ದರಿಂದ ತಾಮ್ರ ನೀರಿಗಿಳಿಯಬಹುದು, ತಾಮ್ರವು ಸಿಗಡಿ ಮತ್ತು ಬಸವನಹುಳುಗಳಿಗೆ ವಿಷ. ಸ್ಟೀಲಿನ ದೊಡ್ಡ ಪಾತ್ರೆಯೇ ಸರಿ. ಅವಸರಕ್ಕೆ ಕೊರಡನ್ನು ಕಲ್ಲಿಗೆ ಕಟ್ಟಿ ಮುಳುಗಿಸುವವರು ಗ್ರಾನೈಟಿನ ತುಂಡು ಬಳಸಲಿ. ಕಡಪ ಕಲ್ಲು ಸುಣ್ಣದ ಕಲ್ಲು, ನೀರನ್ನು ಗಡಸು ಮಾಡುತ್ತದೆ.

ನೀರು ಚಹಾದ ಬಣ್ಣಕ್ಕೆ ತಿರುಗಿದರೆ ಹೆದರಬೇಕಾಗಿಲ್ಲ, ಸಕ್ರಿಯ ಇದ್ದಿಲು ಅದನ್ನು ಹೀರುತ್ತದೆ. ಆದರೆ ನಮ್ಮ ಮುರಕಲ್ಲಿನ ನೆಲದ ಬಾವಿನೀರು ಸಾಮಾನ್ಯವಾಗಿ ಮೆದು, ಆಮ್ಲವನ್ನು ತಡೆಯುವ ಶಕ್ತಿ ಅದಕ್ಕೆ ಕಡಿಮೆ. ಆದ್ದರಿಂದ ಮೊದಲ ತಿಂಗಳು ಪಿಎಚ್ (ನೀರಿನ ಆಮ್ಲೀಯತೆಯ ಅಳತೆ, ಆಮ್ಲ ಹೆಚ್ಚಿದಷ್ಟೂ ಇಳಿಯುತ್ತದೆ) ಅನ್ನು ವಾರಕ್ಕೆರಡು ಬಾರಿ ನೋಡಿ, ಇಳಿಯುತ್ತಿದ್ದರೆ ಸ್ವಲ್ಪ ಸ್ವಲ್ಪವೇ ನೀರು ಬದಲಿಸಬೇಕು. ಕೊರಡಿನ ಮೇಲೆ ಬೆಳೆಯುವ ಬಿಳಿ ಲೋಳೆಯನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೆಗೆಯಬಹುದು. ನನ್ನ ತೊಟ್ಟಿಯಲ್ಲಿ ಬಸವನಹುಳುಗಳೇ ಅದನ್ನು ತಿಂದು ಮುಗಿಸಿದವು.